ಮೂರನೇ ಗೂಡಿನ ಮೊಲ

ಆ ಮನುಷ್ಯನ ನೀರಿಳಿಸದೆ ನಾನು ಸಾಯುವುದಿಲ್ಲ ಎಂದು ಎರಡು ವರ್ಷದ ಹಿಂದೆಯೇ ತೀರ್ಮಾನಿಸಿದ್ದೆ. ಅವನು ನಮ್ಮ ಪ್ರಯೋಗಾಲಯದ ಮುಖ್ಯಸ್ಥ. ಬಿಳಿ ಕೋಟಿನ ಮೇಲೆ ಒಂದು ಸುಕ್ಕು ಬಿದ್ದರೂ ದಿನವೆಲ್ಲ ಸಿಡಿಮಿಡಿ. ಅದಕ್ಕೇ ನಾವು ಕೆಳಗಿನವರೆಲ್ಲ ಅವನನ್ನು 'ಇಸ್ತ್ರಿ' ಎನ್ನುತ್ತಿದ್ದೆವು. ನಾನು ಅಲ್ಲಿ ಮೊಲಗಳನ್ನು ನೋಡಿಕೊಳ್ಳುವವಳು. ಮೇವು, ನೀರು, ಹಿಕ್ಕೆ ಬಾಚುವುದು, ಗೂಡು ತೊಳೆಯುವುದು, ಎಲ್ಲ ನನ್ನದೇ.

ಮೊಲ ಯಾಕೆಂದರೆ, ಕಿಡ್ನಿಯ ಜೀವಕೋಶದೊಳಗೆ ಒಂದು ಪ್ರೋಟೀನ್ ಇದೆ. ಕಿಡ್ನಿ ಕೆಡಲು ಶುರುವಾದ ಕೂಡಲೇ, ರೋಗಿಗೆ ಇನ್ನೂ ಏನೂ ಗೊತ್ತಾಗುವ ಮೊದಲೇ, ಅದು ಮೂತ್ರಕ್ಕೆ ಸೋರುತ್ತದಂತೆ. ಅದನ್ನು ಹಿಡಿದು ತೋರಿಸುವ ಪ್ರತಿಕಾಯ ಮೊಲದ ರಕ್ತದಲ್ಲಿ ಹುಟ್ಟಬೇಕು. ಆರು ಮೊಲಗಳಿಗೂ ಆ ಪ್ರೋಟೀನನ್ನು ಚುಚ್ಚಿದ್ದರು. ಐದರ ರಕ್ತ ಯಾವ ಕೆಲಸಕ್ಕೂ ಬರಲಿಲ್ಲ. ಒಂದೇ ಒಂದರದು ತಪ್ಪದೆ ಹಿಡಿಯಿತು. ಅದರ ಕಿವಿಯೊಳಗೆ ಹಚ್ಚೆ ಹಾಕಿದ್ದ ನಂಬರು ಹದಿನೇಳು.

ನಮ್ಮ ಯಜಮಾನರೂ ಅದೇ ಲ್ಯಾಬಿನಲ್ಲಿದ್ದರು. ಗಾಜಿನ ಸಾಮಾನು ತೊಳೆಯುವುದು, ರಕ್ತದ ಟ್ಯೂಬಿಗೆ ಚೀಟಿ ಅಂಟಿಸುವುದು ಅವರ ಕೆಲಸ. ಇಸ್ತ್ರಿ ಯಾವಾಗಲೂ ಗೂಡಿನ ನಂಬರನ್ನೇ ಹೇಳುತ್ತಿದ್ದ. ಆದರೆ ಗೂಡು ತೊಳೆದಾಗ, ಬಾಗಿಲು ಕೆಟ್ಟಾಗ ಮೊಲ ಬೇರೆ ಗೂಡಿಗೆ ಹೋಗುತ್ತದಲ್ಲ! "ಸಾರ್, ಕಿವಿ ನೋಡಿ ಬರ್ಕೊಳ್ಳಿ, ಗೂಡನ್ನ ನಂಬ್ಬೇಡಿ" ಎಂದು ಇವರು ಹತ್ತು ಸಲ ಹೇಳಿದ್ದರು. ಯಾರು ಕೇಳಬೇಕು? ಒಂದು ದಿನ ರಕ್ತ ಅದಲುಬದಲಾಗಿ ಮೂರು ತಿಂಗಳ ಕೆಲಸ ಮಣ್ಣುಪಾಲಾಯಿತು. ಇಸ್ತ್ರಿ ಎಲ್ಲರೆದುರು ಇವರ ತಲೆಯ ಮೇಲೆ ಗೂಬೆ ಕೂರಿಸಿದ.

"ಇದು ಕೈತಪ್ಪಲ್ಲ, ಬೇಕೂಂತ್ಲೇ ಮಾಡಿರೋದು. ರಜೆ ಕೊಡ್ಲಿಲ್ಲ ಅನ್ನೋ ಸಿಟ್ಟಿಗೆ!"

ಅವತ್ತೇ ಕೆಲಸದಿಂದ ತೆಗೆದರು. ನಾನು ಜಗಳಕ್ಕೆ ಹೋದರೆ, "ನೋಡಮ್ಮ, ನಿಮ್ಗೂ ಅದೇ ಬಾಗ್ಲು. ಬಾಯಿ ಮುಚ್ಕೊಂಡು ಚೀಟೀಲಿ ಬರೆದಷ್ಟು ಮಾಡಿ" ಎಂದ. ಮನೆಗೆ ಬಂದವರಿಗೆಲ್ಲ ಇವರದು ಒಂದೇ ಮಾತು: "ಬೇಕೂಂತ ಯಾರಿಗೂ ಕೆಟ್ಟದ್ದು ಮಾಡೋರಲ್ಲ ನಾವು." ಬರುಬರುತ್ತಾ ಬರುವವರೂ ಕಡಿಮೆಯಾದರು. ಇವರು ದಿನವಿಡೀ ಒಳಕೋಣೆಯಲ್ಲಿ ಗೋಡೆ ನೋಡುತ್ತ ಕೂರುವುದನ್ನು ಕಂಡು ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಹೋದ ತಿಂಗಳು ಆ ಚೀಟಿ ಬಂತು. ಆಸ್ಪತ್ರೆಯ ಇನ್ನೂರು ಜನರ ಮೇಲೆ ದೊಡ್ಡ ಪರೀಕ್ಷೆ ಶುರುವಾಗುವುದಿತ್ತು. ಫ್ರಿಜ್ಜಿನಲ್ಲಿದ್ದ ಹದಿನೇಳರ ರಕ್ತ ಹೆಚ್ಚುಕಡಿಮೆ ಮುಗಿದಿತ್ತು. 'ಮೂರನೇ ಗೂಡಿನದನ್ನು ಉಳಿಸಿ. ಉಳಿದ ಐದನ್ನು ಇವತ್ತೇ ಮುಗಿಸಿ' ಎಂದು ಬರೆದು ಇಸ್ತ್ರಿ ಸಹಿ ಹಾಕಿದ್ದ. ಮೂರನೇ ಗೂಡಿನ ಚಿಲಕ ಮುರಿದಿದ್ದಕ್ಕೆ ನಾನು ಹದಿನೇಳನ್ನು ಐದನೆಯದಕ್ಕೆ ಹಾಕಿ ವಾರವಾಗಿತ್ತು. ರಿಪೇರಿಯಾದ ಮೇಲೆ ಮೂರರಲ್ಲಿ ಬೇರೊಂದು ಕೂತಿತ್ತು, ತಿಂದು ತಿಂದು ದಪ್ಪಗಾದ ದಂಡಪಿಂಡ. ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದೇ ಇದ್ದೆ. ಆ ಪುಸ್ತಕವನ್ನು ಅವನು ಒಂದು ದಿನವಾದರೂ ತೆರೆದಿದ್ದರೆ ಕೇಳಿ!

ಮೇಲೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೆಟ್ಟಿಲ ತನಕ ಹೋದೆ ಕೂಡ. ಮೇಲಿನಿಂದ ಅವನ ನಗು ಕೇಳಿಸಿತು. ಹೇಳಲ್ಲ ಹೋಗೋ, ಚೀಟಿಯಲ್ಲಿದ್ದಷ್ಟೇ ಮಾಡ್ತೀನಿ ಎಂದುಕೊಂಡು ತಿರುಗಿ ಬಂದೆ. ಪಶುವೈದ್ಯರು ಮದ್ದು ಚುಚ್ಚುವಾಗ ಹದಿನೇಳನ್ನು ಹಿಡಿದುಕೊಂಡವಳು ನಾನೇ. ಅದು ನನ್ನ ತೋಳಿನ ಸಂದಿಗೆ ಮೂತಿ ತೂರಿಸಿತು. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಹತ್ತೇ ದಿನಕ್ಕೆ ಪರೀಕ್ಷೆ ಮಕಾಡೆ ಮಲಗಿತು. ಮೂರನೇ ಗೂಡಿನದರಿಂದ ತೆಗೆದ ಹೊಸ ರಕ್ತ ಯಾರ ಕಾಯಿಲೆಯನ್ನೂ ತೋರಿಸಲಿಲ್ಲ. ಹೊರಗಿನಿಂದ ಇಬ್ಬರು ತನಿಖೆಗೆ ಬಂದರು. ಇಸ್ತ್ರಿ ನನ್ನತ್ತ ಬೆರಳು ಮಾಡಿ ಕೂಗಿದ: "ಮೂರನೇ ಗೂಡಲ್ಲಿ ಬೇರೆ ಮೊಲ ಇದ್ರೆ ನಂಗ್ಯಾಕೆ ಹೇಳ್ಲಿಲ್ಲ?"

"ಬಾಯಿ ಮುಚ್ಕೊಂಡು ಚೀಟೀಲಿ ಬರೆದಷ್ಟು ಮಾಡಿ ಅಂದೋರು ನೀವೇ ಅಲ್ವಾ ಸಾರ್?" ಎಂದು ಚೀಟಿಯನ್ನೂ ರಿಜಿಸ್ಟರನ್ನೂ ಮೇಜಿನ ಮೇಲಿಟ್ಟೆ.

ತನಿಖೆಗೆ ಬಂದಿದ್ದ ಹೆಂಗಸು ಎರಡು ವರ್ಷದ ಹಿಂದಿನ ಪುಟದ ತನಕ ತಿರುವಿ ಹಾಕಿದರು. ರಕ್ತ ಅದಲುಬದಲಾದ ದಿನವೂ ಗೂಡು ಬದಲಾಗಿತ್ತು. "ಅಲ್ಲಾ ಸ್ವಾಮಿ, ಕಿವೀಲಿ ನಂಬರ್ ಹಾಕ್ಸಿರೋದು ಅಲಂಕಾರಕ್ಕಾ?" ಎಂದು ಕೇಳಿದರು. ಇಸ್ತ್ರಿಯ ಕೋಟು ಬೆನ್ನ ಮೇಲೆ ಒದ್ದೆಯಾಯಿತು. ಆಹಾ, ಹೊಟ್ಟೆ ತಣ್ಣಗಾಯಿತು! ವಾರದೊಳಗೆ ಅವನನ್ನು ಆ ಕುರ್ಚಿಯಿಂದ ಎಬ್ಬಿಸಿದರು. ನಮ್ಮ ಯಜಮಾನರದು ಏನೂ ತಪ್ಪಿಲ್ಲ, ಕೆಲಸಕ್ಕೆ ಬರಬಹುದು ಎಂದು ಪತ್ರ ಕೊಟ್ಟರು.

ಪತ್ರ ಓದಿ ಇವರ ಕಣ್ಣು ತುಂಬಿತು. "ಹೇಗಾಯ್ತೇ ಇದು?" ಎಂದರು. ನಾನು ಒಂದೂ ಬಿಡದೆ, ಚಪ್ಪರಿಸಿಕೊಂಡು ಹೇಳಿದೆ.

"ಹದಿನೇಳು ಐದನೇ ಗೂಡಲ್ಲಿದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು, ಹಾಕಿದ್ದು ನಾನೇ ಅಲ್ವಾ!"

"ಮತ್ತೆ ಆ ಇನ್ನೂರು ಜನ?"

"ಬೇರೆ ಮೊಲಕ್ಕೆ ಚುಚ್ತಾರೆ ಬಿಡ್ರೀ. ಒಂದು ವರ್ಷ ತಡ ಆಗ್ಬಹುದು, ಅಷ್ಟೇ."

"ಕಿಡ್ನಿ ಕಾಯುತ್ತೇನೇ ಒಂದು ವರ್ಷ?"

ನನಗೆ ರೇಗಿಹೋಯಿತು. "ನಿಮ್ಗೋಸ್ಕರ ಕಣ್ರೀ ಮಾಡಿದ್ದು! ನಿಮ್ ಮರ್ಯಾದೆ ವಾಪಸ್ ಬರ್ಲಿ ಅಂತ!"

ಅವರು ಪತ್ರವನ್ನು ಮಡಿಚಿ ನನ್ನ ಕೈಗೇ ಕೊಟ್ಟರು. "ಎರಡು ವರ್ಷ ಅವ್ನು ಹೇಳಿದ್ದು ಸುಳ್ಳಾಗಿತ್ತು ಕಣೇ. ನನ್ ಹತ್ರ ಇದ್ದಿದ್ದು ಅದೊಂದೇ. ಬೇಕೂಂತ ಮಾಡೋರಲ್ಲ ನಾವು ಅಂತ ಇನ್ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಮಾರನೆಯ ದಿನ ಅವರು ಕೆಲಸಕ್ಕೆ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ. ಪತ್ರವನ್ನು ನಾನೇ ಕಚೇರಿಗೆ ವಾಪಸು ಕೊಟ್ಟು ಬಂದೆ.