ಮೆಸೇಜು ಯಾರಿಗೆ ಬರಬೇಕು

ಬ್ಯಾಂಕು ಎಂದರೆ ಸಾಕು, ಶಟರ್ ರಿಪೇರಿಯವನಿಗೆ ಮೈ ಉರಿಯುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲೇ ಶಾಲೆಗೆ ಬೆನ್ನು ತಿರುಗಿಸಿ ಕೆಲಸಕ್ಕೆ ಸೇರಿದಾಗ ಅಪ್ಪ ಅವನನ್ನು ಊರಿನ ಬ್ಯಾಂಕಿಗೆ ಎಳೆದುಕೊಂಡು ಬಂದು ಖಾತೆ ಮಾಡಿಸಿದ್ದ. ಖಾತೆಗೆ ಹೆಸರು ಮಗನದ್ದು, ಫೋನ್ ನಂಬರು ಅಪ್ಪನದ್ದು. ಹುಡುಗ ಒಂದು ಜೊತೆ ಚಪ್ಪಲಿ ಕೊಂಡರೂ ಅಪ್ಪನ ಜೇಬಿನಲ್ಲಿ ಫೋನು ಕುಂಯ್ ಎನ್ನುತ್ತಿತ್ತು. ಅಪ್ಪ ತಕ್ಷಣ ವರ್ಕ್‌ಶಾಪಿಗೇ ಫೋನ್ ಹಚ್ಚಿ, "ಇರೋ ಚಪ್ಪಲಿಗೆ ಏನಾಗಿತ್ತೋ, ದೊಡ್ಡ ಮನುಷ್ಯ?" ಎಂದು ಕೇಳುತ್ತಿದ್ದ. ಮಾಲೀಕ ಅದನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸುತ್ತಿದ್ದ. ಈಗಲೂ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದರೆ, "ಅಪ್ಪನ್ನ ಕೇಳಿದ್ಯಾ?" ಎಂದು ಯಾರಾದರೂ ಕಿಚಾಯಿಸದೆ ಬಿಡುವುದಿಲ್ಲ.

ಹಾಗಾಗಿ ತಂಗಿಯ ಸರದಿ ಬಂದಾಗ ಅವನು ಹಟ ಹಿಡಿದ. ಹದಿನಾರರ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಚೂಟಿ ಎಂದು. ರಜೆಯ ದಿನಗಳಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೂತು ಆಲ್ಬಮ್ ಜೋಡಿಸಿಕೊಡುತ್ತಿದ್ದಳು. ಸಂಬಳವನ್ನು ಖಾತೆಗೇ ಹಾಕುವುದು ಎಂದು ಸ್ಟುಡಿಯೋದವರು ಹೇಳಿದ್ದರು. "ನನ್ನ ಖಾತೆಗೇ ಹಾಕಿಸಿದ್ರಾಯ್ತು," ಎಂದ ಅಪ್ಪ. "ಅವಳ ದುಡಿಮೆ, ಅವಳ ಕಾರ್ಡು. ನನಗಾದ ಗತಿ ಅವಳಿಗೆ ಆಗಬಾರದು," ಎಂದು ಮಗ ಸಿಡಿದೆದ್ದ. ಬೆಳಗಾಗುತ್ತಲೇ ಕೆಲಸಕ್ಕೆ ರಜೆ ಹಾಕಿ ತಂಗಿಯನ್ನೂ, ಸಹಿ ಹಾಕಲು ಅಮ್ಮನನ್ನೂ ಅದೇ ಬ್ಯಾಂಕಿಗೆ ಹೊರಡಿಸಿದ.

ಕೌಂಟರಿನ ಮೇಡಂ ಎರಡು ಕಾರ್ಡು ಮುಂದಿಟ್ಟರು. ಒಂದರ ಮೇಲೆ ಕನ್ನಡಕ ಹಾಕಿದ ಬೆಕ್ಕಿನ ಚಿತ್ರವಿತ್ತು, ಇನ್ನೊಂದು ಬರೀ ನೀಲಿ.

"ಎಲ್ಲರೂ ಬೆಕ್ಕಿಂದೇ ತಗೊಳ್ಳೋದು. ಮನೆಯವರು ತಮ್ಮ ಫೋನಲ್ಲೇ ಲಾಕ್ ಮಾಡಬಹುದು. ಮಗು ಅಂಗಡಿಯಲ್ಲಿ ನಿಂತಿರುವಾಗಲೇ ಬೇಕಾದ್ರೂ ನಿಲ್ಲಿಸಬಹುದು."

"ಅಂದ್ರೆ ನಾಲ್ಕು ಜನರ ಎದುರು ಇವಳ ಮಾನ ತೆಗೀಬಹುದು. ಅಲ್ವಾ ಮೇಡಂ?"

"ಭದ್ರತೆಗೆ ಸರ್."

"ನಾನು ಶಟರ್ ಹಾಕೋನು, ಭದ್ರತೆ ನನಗೆ ಹೇಳಬೇಡಿ. ಕೀಲಿ ಒಳಗಿರೋರ ಕೈಲಿದ್ರೆ ಅದು ಮನೆ. ಹೊರಗಿರೋರ ಕೈಲಿದ್ರೆ ಅದನ್ನ ಏನಂತಾರೆ?"

"ಮೆಲ್ಲಗೆ ಮಾತಾಡೋ, ಜನ ನೋಡ್ತಿದಾರೆ," ಎಂದು ಅಮ್ಮ ಸೆರಗು ಸರಿಮಾಡಿಕೊಂಡಳು.

"ನೋಡ್ಲಿ ಬಿಡಮ್ಮ. ಟಿಕೆಟ್ ಇಲ್ಲದ ಆಟ."

"ಅಣ್ಣ, ನನಗೆ ಬೆಕ್ಕು ಇಷ್ಟ ಆಯ್ತು," ಎಂದಳು ಚೂಟಿ.

"ಬೆಕ್ಕು ಬೀದೀಲೂ ಸಿಗುತ್ತೆ. ನೀಲಿ ಕೊಡಿ ಮೇಡಂ."

ನೀಲಿ ಕಾರ್ಡಿಗೆ ಲಾಕು ಇರಲಿಲ್ಲ. ಮೆಸೇಜು ಬರಲು ಒಂದು ನಂಬರು ಬೇಕಿತ್ತು, ಅಷ್ಟೇ. ಮೇಡಂ ಕೇಳಿದ್ದೇ ತಡ, ಅಮ್ಮನ ಬಾಯಿಂದ ಅಪ್ಪನ ನಂಬರು ಉದುರತೊಡಗಿತು. ಗ್ಯಾಸಿಗೆ, ಶಾಲೆಗೆ, ಆಸ್ಪತ್ರೆಗೆ ಎಲ್ಲಿ ಕೇಳಿದರೂ ಆ ಮನೆಯಲ್ಲಿ ಹೇಳುತ್ತಿದ್ದದ್ದು ಅದೊಂದೇ.

"ಅಪ್ಪಂದು ಬೇಡ!" ಎಂದು ಅವನು ಕೌಂಟರಿನ ಮೇಲೆ ಅಂಗೈ ಬಡಿದ. ಬಡಿದ ಬಿಸಿಯಲ್ಲೇ ತನ್ನ ನಂಬರು ಹೇಳಿ ಮುಗಿಸಿದ. ಪಕ್ಕದಲ್ಲಿ ಚೂಟಿ ತನ್ನ ಫೋನನ್ನು ಕೈಯಲ್ಲಿ ಹಿಡಿದು ಏನೋ ಹೇಳಲು ಬಾಯಿ ತೆರೆದಿದ್ದಳು. ಅವಳ ಕಡೆ ಯಾರೂ ತಿರುಗಲಿಲ್ಲ. ಅವನಂತೂ ಯುದ್ಧ ಗೆದ್ದವನ ಹಾಗೆ ಎದೆ ಮುಂದೆ ಮಾಡಿಕೊಂಡು ಮೆಟ್ಟಿಲಿಳಿದ.

ಮೊದಲ ಮೆಸೇಜು ಬಂದಾಗ ಅವನು ಏಣಿಯ ಮೇಲೆ ನಿಂತು ಶಟರಿನ ಸ್ಪ್ರಿಂಗಿಗೆ ಗ್ರೀಸ್ ಹಚ್ಚುತ್ತಿದ್ದ. ಓಲೆ ಅಂಗಡಿ. ನಗು ಬಂತು. ಫೋನ್ ಮಾಡಿ, "ಕಿವಿಗೋ ಮೂಗಿಗೋ?" ಎಂದ. ಅವಳೂ ನಕ್ಕಳು. ಮುಂದಿನದು ಐಸ್‌ಕ್ರೀಮ್ ಅಂಗಡಿಯದು. "ಒಬ್ಬಳೇ ಇಷ್ಟೊಂದು ತಿಂದ್ಯಾ? ಜೊತೆಗೆ ಯಾರಿದ್ರು?" ಎಂದ. ಈ ಸಲ ಅವಳು ನಗಲಿಲ್ಲ. ಅದು ಅವನ ಗಮನಕ್ಕೇ ಬರಲಿಲ್ಲ.

ಆಮೇಲೊಂದು ದಿನ ಔಷಧಿ ಅಂಗಡಿಯ ಮೆಸೇಜು ಬಂತು. ಏಣಿಯಿಂದ ಇಳಿಯದೆ ಅಲ್ಲಿಂದಲೇ ಫೋನ್ ಹಚ್ಚಿದ.

"ಏನಾಯ್ತೇ ನಿನಗೆ? ಔಷಧಿ ಅಂಗಡೀಲಿ ಏನು ತಗೊಂಡೆ? ಹೇಳು, ನಾನು ನಿನ್ನ ಅಣ್ಣ."

ಆ ಕಡೆ ಸ್ಟುಡಿಯೋದಲ್ಲಿ ಯಾರೋ ಗಂಡಸರು ಕಿಸಕ್ಕೆಂದದ್ದು ಕೇಳಿತು.

"ಪ್ಯಾಡು ತಗೊಂಡೆ," ಎಂದಳು ಚೂಟಿ. "ಕೆಲಸ ಮಾಡ್ತಿದೀನಿ, ಕೈ ಖಾಲಿ ಇಲ್ಲ. ನೀನು ಸ್ಪೀಕರಲ್ಲಿದೀಯ, ಅಣ್ಣ."

ಸಂಜೆ ಅವಳು ನೇರ ಬಂದು ನೀಲಿ ಕಾರ್ಡನ್ನು ಅವನ ಟೂಲ್ ಡಬ್ಬಿಯೊಳಗೆ, ಸ್ಪ್ಯಾನರುಗಳ ಮಧ್ಯೆ ಹಾಕಿದಳು.

"ನೀನೇ ಇಟ್ಕೋ. ಅಪ್ಪನಾದ್ರೂ ಚಪ್ಪಲಿಗೇ ನಿಲ್ಲಿಸಿದ್ದ."

ಅವನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯದೆ ಮರುದಿನ ಬ್ಯಾಂಕಿನ ಮೇಲೆಯೇ ನುಗ್ಗಿದ. ಹುಡುಗಿ ತಗೊಂಡಿದ್ದನ್ನೆಲ್ಲ ಊರಿಗೆ ಸಾರೋ ಕೆಲಸ ಯಾಕೆ ಇಟ್ಕೊಂಡಿದೀರಿ ಎಂದು ಕೂಗಾಡಿದ. ಮೇಡಂ ಪೂರ್ತಿ ಕೇಳಿಸಿಕೊಂಡು ಕಂಪ್ಯೂಟರ್ ನೋಡಿದರು.

"ಖಾತೆ ಹುಡುಗೀದು. ಗಾರ್ಡಿಯನ್ ತಾಯಿ. ನಿಮ್ಮ ಹೆಸರು ಇಲ್ಲಿ ಎಲ್ಲೂ ಇಲ್ಲವಲ್ಲ ಸರ್. ನೀವು ಯಾರು?"

"ನಂಬರು ನಂದು."

"ಅದನ್ನ ಇಲ್ಲಿ ಬಂದು ಕೊಟ್ಟಿದ್ದು ಯಾರು?"

ಅವನು ಅಷ್ಟು ಜನರ ಎದುರು ತಲೆ ತಗ್ಗಿಸಿ ನಿಂತದ್ದು, ವರ್ಕ್‌ಶಾಪಿನ ಆ ದಿನಗಳ ನಂತರ ಅದೇ ಮೊದಲು.

ಮುಂದಿನ ವಾರ ನಂಬರು ಬದಲಿಸಲು ಮೂವರೂ ಮತ್ತೆ ಕೌಂಟರಿನ ಮುಂದೆ ನಿಂತರು. "ಯಾವ ನಂಬರು?" ಎಂದು ಮೇಡಂ ಕೇಳಿದಾಗ ಅಮ್ಮನ ತುಟಿ ಅಲುಗಿತು. ಅವನ ಬಾಯಿಯೂ ತಾನಾಗಿ ತೆರೆಯಿತು. ಅಮ್ಮ ಅವನ ತೋಳನ್ನು ಚಿವುಟಿ ತಾನೂ ತುಟಿ ಕಚ್ಚಿಕೊಂಡಳು. ಚೂಟಿ ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ, ಅವಸರವಿಲ್ಲದೆ ಹೇಳಿದಳು.

ಆ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳ ಫೋನು ಕುಂಯ್ ಎಂದಿತು. ಓದಿ ಬೋರಲು ಇಟ್ಟು ತಟ್ಟೆಗೆ ಕೈ ಹಾಕಿದಳು. ಅಣ್ಣನಿಗೆ ನಾಲಿಗೆ ತುರಿಸಿತು. ದೊಡ್ಡದೊಂದು ತುತ್ತು ತುರುಕಿಕೊಂಡ.

"ಏನೇ ಅದು?" ಎಂದ ಅಪ್ಪ.

ತುತ್ತು ನುಂಗುವುದರೊಳಗೆ ಮಗನ ಕಣ್ಣಲ್ಲಿ ನೀರು ಬಂದಿತ್ತು.

"ಅವಳ ಫೋನಪ್ಪ ಅದು," ಎಂದ. "ಊಟ ಮಾಡು."