ಎರಡನೆಯ ಸಲ ಒರೆಸಿದ ಮೇಜು

ನಲ್ಲಿ ತೊಟ್ಟಿಕ್ಕುತ್ತಿದೆ, ಎಲ್ಲರೂ ಓಡಿದಾಗ ನಾನೂ ಓಡಿದೆನಲ್ಲ, ತಿರುಗಿಸಿ ನಿಲ್ಲಿಸಲಿಲ್ಲ — ಆಸ್ಪತ್ರೆಯ ಗಾಡಿ ಹೋಗಿ ಅರ್ಧ ಗಂಟೆಯಾಯಿತು, ಸುದ್ದಿಯಿಲ್ಲ, ಗುಬ್ಬಿಯ ತುಟಿ ಊದಿ ನೀಲಿಗಟ್ಟಿತ್ತು, ನರ್ಸಮ್ಮ ತೊಡೆಗೆ ಇಂಜೆಕ್ಷನ್ ಚುಚ್ಚಿ ಉಸಿರಾಡು ಪುಟ್ಟಿ, ಉಸಿರಾಡು ಎನ್ನುತ್ತಿದ್ದರು, ಕಡಲೆಬೀಜದ ಪುಡಿ ನಾಲಿಗೆಗೆ ತಗುಲಿದರೂ ಪ್ರಾಣಕ್ಕೆ ಸಂಚಕಾರವೆಂದು ಶಾಲೆಗೆ ಸೇರಿಸಿದ ದಿನವೇ ಅವಳ ತಾಯಿ ನನ್ನ ಕೈ ಹಿಡಿದಿದ್ದಳು, ಆಯಮ್ಮ, ನಿಮ್ಮ ಮಡಿಲಿಗೆ ಹಾಕಿದೀನಿ, ಅಂದಿನಿಂದ ಊಟದ ಕೋಣೆಯಲ್ಲಿ ಕಿಟಕಿಯ ಬಳಿಯ ಮೇಜು ಅವಳೊಬ್ಬಳದು, ಅದನ್ನೊರೆಸಲು ಹಳದಿ ಬಟ್ಟೆ, ಉಳಿದವಕ್ಕೆ ನೀಲಿ, ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ — ಇಂದೂ ಹಳದಿಯಲ್ಲಿ ಒರೆಸಿಟ್ಟಿದ್ದೆ, ಆಮೇಲೆ ಚಿಕ್ಕ ಮಕ್ಕಳು ಕಡಲೆಬೀಜದ ಚಟ್ನಿಪುಡಿ ಚೆಲ್ಲಿ ಉಂಡೆದ್ದ ಮೇಜುಗಳನ್ನು ಒರೆಸುತ್ತಿದ್ದೆ, ಗುಬ್ಬಿ ಬಂದಳು, ಅವಳ ಮೇಜಿನ ಮೇಲೆ ಕಿಟಕಿಯ ಧೂಳು ಕಂಡಿತು, ಅಯ್ಯೋ ನನ್ನ ಗುಬ್ಬಿ ಧೂಳಲ್ಲಿ ಕೂರುವುದೇ ಎಂದು ಕೈಯಲ್ಲಿದ್ದ ನೀಲಿ ಬಟ್ಟೆಯನ್ನೇ ಎಳೆದೆ, ಒಂದೇ ಎಳೆತ, ಅಕ್ಕರೆ ಹೆಚ್ಚಾಗಿ ಕಣ್ಣಿಗೆ ಮಂಕು ಕವಿಯಿತು, ಅವಳು ಕಿಸಕ್ಕನೆ ನಕ್ಕು ಆಯಮ್ಮ, ನೀನೊರೆಸಿದ್ ಮೇಜು ನಮ್ಮನೆ ತಟ್ಟೆಗಿಂತ ಕ್ಲೀನು, ಅಮ್ಮಂಗ್ ಹೇಳ್ಬೇಡ ಮತ್ತೆ, ಎಂದು ಬ್ರೆಡ್ಡಿನ ತುಂಡನ್ನು ಒದ್ದೆ ಮೇಜಿನ ಮೇಲೆಯೇ ಇಟ್ಟಳು, ಎತ್ತಿಕೊಂಡಳು, ಕಚ್ಚಿದಳು — ಬಾಗಿಲಲ್ಲಿ ದೊಡ್ಡ ಟೀಚರ್ ದನಿ, ಗುಬ್ಬಿಯ ಗೆಳತಿ ಎರಡು ಜಡೆಯವಳನ್ನು ನಿಲ್ಲಿಸಿಕೊಂಡಿದ್ದಾರೆ, ನಿನ್ನ ಡಬ್ಬಿಯಲ್ಲಿ ಕಡಲೆಬೀಜ ಇತ್ತಾ ಇಲ್ವಾ, ಇತ್ತು ಮಿಸ್, ಆದ್ರೆ ನಾನು ಆ ಕಡೆ ಹೋಗೇ ಇಲ್ಲ ಮಿಸ್, ಸುಳ್ಳು ಬೇರೆ ಹೇಳ್ತೀಯಾ, ನಿಮ್ಮಪ್ಪ ಬರಲಿ, ನಾಳೆಯಿಂದ ನಿನಗೆ ಈ ಶಾಲೆ ಇಲ್ಲ — ಹೇಳಬೇಕು, ಈಗಲೇ ಹೇಳಬೇಕು, ಮಗುವಿನ ಗದ್ದ ನಡುಗುತ್ತಿದೆ, ಹೇಳಿದರೆ ಗುಬ್ಬಿಯ ತಾಯಿಯ ಮುಖವನ್ನು ಹೇಗೆ ನೋಡಲಿ, ಅಮ್ಮಾ ಎಂದೆ, ದೊಡ್ಡ ಟೀಚರ್ ಬಳಿ ಬಂದು ಹೆಗಲು ಸವರಿದರು, ಅಳಬೇಡ ಆಯಮ್ಮ, ಹೆತ್ತವಳಿಗಿಂತ ಹೆಚ್ಚಾಗಿ ಕಾದೆ ನೀನು, ಇವಳಂಥವರ ಬುದ್ಧಿಗೆ ನೀನೇನು ಮಾಡ್ತೀಯ, ಹೋಗು, ಆ ಮೇಜೊಂದು ಒರೆಸಿಬಿಡು — ಕಾಲು ತಾನಾಗಿಯೇ ನಡೆದಿದೆ, ಮೇಜಿನ ಮೇಲೆ ಬ್ರೆಡ್ಡು ಹಾಗೆಯೇ ಇದೆ, ಅಂಚಿನಲ್ಲಿ ಕಚ್ಚಿದ ಗುರುತು, ನಾಲ್ಕು ಹಲ್ಲು, ನಡುವೆ ಮೊನ್ನೆ ಬಿದ್ದ ಹಲ್ಲಿನ ಸಂದು, ಹಿಂದೆ ಜಡೆಯವಳು ಬಿಕ್ಕುತ್ತಿದ್ದಾಳೆ, ಒರೆಸಬೇಕು, ಹೇಳಬೇಕು, ಬ್ರೆಡ್ಡಿನಲ್ಲಿ ನಾಲ್ಕು ಹಲ್ಲಿನ ಗುರುತು, ನಡುವೆ ಸಂದು, ನಾಲ್ಕು ಹಲ್ಲು, ಸಂದು —