ಬಾಡಿಗೆಯ ಅಸ್ಥಿಪಂಜರ

ಇಳಕಲ್ಲಿನ ಆ ನರ್ಸಿಂಗ್ ಕಾಲೇಜಿನ ಹೆಸರು ಇಲ್ಲಿ ಬೇಡ. ಹೇಳಿದರೆ ಅದೂ ಒಂದು ಪುಕ್ಕಟೆ ಜಾಹೀರಾತು ಆದೀತು. ಕಾಲೇಜಿನ ಚೇರ್ಮನ್ ಪಾಂಡಪ್ಪನವರದು ಮೂಲದಲ್ಲಿ ಕಲ್ಲಿನ ವ್ಯಾಪಾರ, ಹಾಗಾಗಿ ಮೆಟ್ಟಿಲಿನಿಂದ ಹಿಡಿದು ಪಾಯಖಾನೆಯವರೆಗೂ ಹೊಳೆಯುವ ಕೆಂಪು ಗ್ರಾನೈಟು. ಕೆಳಗಿನ ಮಹಡಿಯಲ್ಲಿ 'ಅನಾಟಮಿ ಲ್ಯಾಬ್' ಎಂದು ಫಲಕ ಹಾಕಿದ ಒಂದು ಕೋಣೆ. ಅದರಲ್ಲಿ ನಾಲ್ಕು ಬೆಂಚು, ಅಂಚು ಹರಿದ ಚಾರ್ಟು, ಗಾಜಿನ ಬಾಗಿಲಿನ ಒಂದು ಕಪಾಟು. ಕಪಾಟಿನ ಮೇಲೆ 'ಮಾನವ ಅಸ್ಥಿಪಂಜರ' ಎಂಬ ಚೀಟಿ, ಒಳಗೆ ಪಾಂಡಪ್ಪನವರಿಗೆ ಅಲ್ಲಲ್ಲಿ ಸನ್ಮಾನದಲ್ಲಿ ಹೊದಿಸಿದ ಶಾಲುಗಳು.

ಚೊಳಚಗುಡ್ಡದ ಭಾಗ್ಯಜ್ಯೋತಿ ಮನುಷ್ಯನ ಮೈಯನ್ನು ಓದಿದ್ದು ಈ ಕೋಣೆಯಲ್ಲಿ. ಓದಿದ್ದು ಅಂದರೆ, ಜಯಶ್ರೀ ಮೇಡಂ ಗೈಡು ಹಿಡಿದು ಓದುತ್ತಿದ್ದರು, ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಸೊಂಟದ ಎಲುಬಿನ ಮೇಲೆ ಪರೀಕ್ಷೆಗೆ ಪ್ರಶ್ನೆ ಬಂದೇ ಬರುತ್ತಿತ್ತು. ಅದರ ಉತ್ತರವನ್ನು ಭಾಗ್ಯಜ್ಯೋತಿ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಗಡಗಡ ಹೇಳುತ್ತಿದ್ದಳು. ಪೂರ್ತಿ ಅಂಕಗಳೂ ಬಿದ್ದಿದ್ದವು, ತರಗತಿಗೇ ಮೊದಲಿಗಳು. ಆದರೆ ಆ ಎಲುಬು ಜೀವಂತ ಮನುಷ್ಯನ ಮೈಮೇಲೆ ಕೈಗೆ ಎಲ್ಲಿ ಸಿಗುತ್ತದೆ ಅನ್ನುವುದನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ.

ಶಾರವ್ವನ ಕಾಲು ಹಾಳಾದದ್ದು ಇದರಿಂದ.

ದೀಪಾವಳಿ ಕಳೆದ ಮೇಲೆ ಹುನಗುಂದದ ಒಂದು ಖಾಸಗಿ ದವಾಖಾನೆಗೆ ಹುಡುಗಿಯರನ್ನು ಡ್ಯೂಟಿಗೆ ಕಳಿಸಿದ್ದರು. ಉಳ್ಳಾಗಡ್ಡಿ ಹೊಲದಲ್ಲಿ ಕೂಲಿ ಮಾಡುವ ಶಾರವ್ವ ಚಳಿಜ್ವರ ಬಂದು ಅಲ್ಲಿ ಮಲಗಿದ್ದಳು. ಸಿಸ್ಟರಿಗೆ ಕೈತುಂಬ ಕೆಲಸ. 'ಕುಂಡಿಗೆ ಒಂದ್ ಇಂಜೆಕ್ಷನ್ ಐತಿ, ನೀನ ಹಾಕು' ಎಂದು ಸಿರಿಂಜು ಭಾಗ್ಯಜ್ಯೋತಿಯ ಕೈಗೆ ಕೊಟ್ಟು ಹೋದರು. ಗೈಡಿನ ಸಾಲು ಅವಳ ಬಾಯಲ್ಲೇ ಇತ್ತು: ಪೃಷ್ಠದ ಮೇಲಿನ ಹೊರಭಾಗ. ಮೇಲೆ ಅಂದರೆ ಎಲ್ಲಿಂದ? ಹೊರಗೆ ಅಂದರೆ ಎಷ್ಟು? ಸೀರೆ ಇನ್ನಷ್ಟು ಸರಿಸಲು ಸಂಕೋಚವಾಯಿತು, ಅಂದಾಜಿನ ಮೇಲೆ ಚುಚ್ಚಿಬಿಟ್ಟಳು.

'ಯವ್ವಾ! ಕಾಲಾಗ ಕರೆಂಟ್ ಹೊಡದಂಗಾತಲ್ಲೇ!' ಎಂದು ಶಾರವ್ವ ಚೀರಿದಳು. ಗಾಬರಿಯಲ್ಲಿ ಹುಡುಗಿ ಉಳಿದ ಔಷಧವನ್ನೂ ಒತ್ತಿಬಿಟ್ಟಳು.

ಜ್ವರ ಇಳಿಯಿತು, ಆದರೆ ಪಾದ ಮೇಲೇಳಲಿಲ್ಲ. ನರಕ್ಕೆ ಪೆಟ್ಟಾಗಿದೆ, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಸರಿಹೋಗುತ್ತದೆಂಬ ಖಾತ್ರಿಯಿಲ್ಲ ಎಂದರು ಡಾಕ್ಟರು. ಭಾನುವಾರ ಭಾಗ್ಯಜ್ಯೋತಿ ಗೆಳತಿ ನರ್ಗೀಸಳನ್ನು ಕರೆದುಕೊಂಡು ಶಾರವ್ವನ ಮನೆಗೆ ಹೋದಳು. ಚಪ್ಪಲಿ ಪಾದದಲ್ಲಿ ನಿಲ್ಲದೆ ಶಾರವ್ವ ಅದನ್ನು ಹುರಿಹಗ್ಗದಿಂದ ಕಾಲಿಗೆ ಕಟ್ಟಿಕೊಂಡಿದ್ದಳು. ಬೈದಿದ್ದರೆ ಹುಡುಗಿಗೆ ಒಂದಿಷ್ಟು ಸಮಾಧಾನವಾದರೂ ಆಗುತ್ತಿತ್ತು.

'ನೀ ಬೇಕಂತ ಮಾಡೀಯೇನವ್ವಾ? ನಿನಗ ಕಲಿಸಿದ್ದ ಅಷ್ಟ ಇದ್ದೀತು' ಎಂದಳು ಶಾರವ್ವ.

ಮರುದಿನ ಭಾಗ್ಯಜ್ಯೋತಿ ನೇರವಾಗಿ ಚೇರ್ಮನ್ನರ ಕೋಣೆಗೆ ಹೋಗಿ ನಿಂತಳು.

'ಸರ್, ನಮಗ ಎಲುಬು ತೋರಿಸಿ ಕಲಸ್ರಿ. ಮುಂದಿನ ವಾರ ಮತ್ತ ಡ್ಯೂಟಿ ಐತಿ. ನನಗ ಸೂಜಿ ಹಿಡಿಯಾಕ ಹೆದರಿಕಿ ಆಗತೈತ್ರಿ.'

ಪಾಂಡಪ್ಪನವರು ಫೋನಿನಿಂದ ತಲೆ ಎತ್ತಲಿಲ್ಲ. 'ನೋಡವಾ, ಕೈಗುಣ ಅಂತ ಒಂದಿರತೈತಿ. ಕೆಲವ್ರಿಗೆ ಬರತೈತಿ, ಕೆಲವ್ರಿಗೆ ಬರಂಗಿಲ್ಲ. ಆ ಮುದುಕಿ ಸುದ್ದಿ ಹೊರಗ ಎಲ್ಲೂ ಆಡಬ್ಯಾಡ.'

ಕೈಗುಣವಂತೆ! ಕಲ್ಲು ಕೊಯ್ಯುವ ಯಂತ್ರಕ್ಕೆ ಆಳನ್ನು ಹಚ್ಚುವ ಮೊದಲು ಬ್ಲೇಡು ಎಲ್ಲಿದೆ ಎಂದು ತೋರಿಸುತ್ತಾರೆ ಈ ಪುಣ್ಯಾತ್ಮರು. ಮನುಷ್ಯರ ಮೈಗೆ ಸೂಜಿ ಚುಚ್ಚುವ ಹುಡುಗಿಗೆ ಮಾತ್ರ ಕೈಗುಣ ಸಾಕು. ಭಾಗ್ಯಜ್ಯೋತಿ ಹೊರಬಂದಳು.

ಅದೇ ವಾರ ಕಾಲೇಜಿನ ಮಾನ್ಯತೆಯ ತಪಾಸಣೆ ಇದೆಯೆಂದು ಗೊತ್ತಾಯಿತು. ಕಾಲೇಜಿಗೆ ಒಮ್ಮೆಲೇ ಜೀವ ಬಂತು. ಗೋಡೆಗೆ ಸುಣ್ಣ, ಹುಡುಗಿಯರಿಗೆ ಇಸ್ತ್ರಿ ಮಾಡಿದ ಸಮವಸ್ತ್ರ, ಗೇಟಿಗೆ ಮಾವಿನ ತೋರಣ. ತಪಾಸಣೆಯ ದಿನ ಮುಂಜಾನೆ ಕಪಾಟಿನ ಶಾಲುಗಳು ಚೇರ್ಮನ್ನರ ಕಾರಿನ ಡಿಕ್ಕಿ ಸೇರಿದವು. ಆಮೇಲೆ ಬಾಗಲಕೋಟೆಯಿಂದ ಒಂದು ಟೆಂಪೋ ಬಂತು. ಅದರ ಡ್ರೈವರ್ ಖಾದರಬಾಷಾ ಹಿಂದಿನಿಂದ ಬೆಡ್‌ಶೀಟಿನಲ್ಲಿ ಸುತ್ತಿದ ಏನನ್ನೋ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ಬಿಚ್ಚಿದರೆ ಅಸ್ಥಿಪಂಜರ! ತಲೆಬುರುಡೆಯಿಂದ ಕಾಲ್ಬೆರಳಿನವರೆಗೆ ಪೂರ್ತಿ. ಅದೂ ಪ್ಲಾಸ್ಟಿಕ್ಕಿನದು. ಊರೆಲ್ಲ ಗ್ರಾನೈಟು ಹಾಸುವವರಿಗೆ ಒಂದು ಪ್ಲಾಸ್ಟಿಕ್ ಗೊಂಬೆ ಕೊಳ್ಳಲು ಆಗಿರಲಿಲ್ಲ.

'ಹಗೂರ ಹಿಡೀರವ್ವಾ' ಎಂದ ಖಾದರಬಾಷಾ. 'ನಿನ್ನಿ ಹುನಗುಂದಕ್ಕ ಹೋಗಿತ್ತು, ನಾಳಿ ಬದಾಮಿಗೆ ಹೋಗಬೇಕು. ಇದಕ್ಕ ಇರೂವಷ್ಟ ಓಡ್ಯಾಟ ನನಗೂ ಇಲ್ಲ.'

ಹುಡುಗಿಯರು ನಕ್ಕರು. ಭಾಗ್ಯಜ್ಯೋತಿಗೆ ನಗು ಬರಲಿಲ್ಲ. ಅವಳ ಕಣ್ಣು ಸೊಂಟದ ಎಲುಬಿನ ಮೇಲೆ ನೆಟ್ಟಿತ್ತು. ಬಾಯಿಪಾಠ ಮಾಡಿದ ಎಲುಬನ್ನು ಅವಳು ಕಣ್ಣಾರೆ ಕಂಡದ್ದು ಆವತ್ತೇ ಮೊದಲು. ಮುಟ್ಟಲು ಹೋದರೆ ಪಾಂಡಪ್ಪನವರು ಗದರಿಸಿದರು. 'ಏ, ಬೆರಳಿನ ಗುರುತು ಬೀಳತಾವ! ನೀ ಫಸ್ಟ್ ಬಂದಾಕಿ, ಇದರ ಬಾಜೂಕ ನಿಲ್ಲು. ಸಾಹೇಬ್ರು ಕೇಳಿದ್ರ ದಿನಾ ಇದರ ಮ್ಯಾಲ ಕಲೀತೇವಿ ಅನ್ನು.'

ತಪಾಸಣೆಗೆ ಬಂದವರು ಇಬ್ಬರು. ಕನ್ನಡಕದ ಹಿರಿಯರು ಅಸ್ಥಿಪಂಜರವನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ ಕೇಳಿದರು. 'ಏನಮ್ಮಾ, ಪಾಠ ಎಲ್ಲ ಇದರ ಮೇಲೇ ನಡೆಯುತ್ತಾ?'

ಭಾಗ್ಯಜ್ಯೋತಿ ಚೇರ್ಮನ್ನರ ಕಡೆ ನೋಡಿದಳು. ಆದರೂ ಹೇಳಿದಳು. 'ಇಲ್ರೀ ಸರ್. ಇದು ಇವತ್ತ ಮುಂಜಾನಿ ಬಂದೈತ್ರಿ. ಸಂಜಿಕ ಹೋಗತೈತಿ. ನಮಗ ಮುಟ್ಟಾಕೂ ಬಿಟ್ಟಿಲ್ಲ.'

ಪಾಂಡಪ್ಪನವರು ದೊಡ್ಡದಾಗಿ ನಕ್ಕರು. 'ಹೊಸಾದ್ ತರಿಸೇವ್ರಿ ಸರ್, ಹಳೇದು ಸವದು ಹೋಗಿತ್ತು. ಹುಡುಗಿ ಸ್ವಲ್ಪ ಗಾಬರಿ ಆಗ್ಯಾಳ. ಬರ್ರಿ, ರೊಟ್ಟಿ ಆರತಾವ.'

ಕನ್ನಡಕದವರಿಗೆ ಎಲ್ಲವೂ ಅರ್ಥವಾಗಿತ್ತು. ಅದು ಅವರ ಮುಖದ ಮೇಲೇ ಕಾಣುತ್ತಿತ್ತು. ಆದರೂ ಕೈಯಲ್ಲಿದ್ದ ಕಾಗದದ ಮೇಲೆ 'ಇದೆ' ಎಂದು ಗುರುತು ಹಾಕಿ, 'ಧೈರ್ಯ ಇದೆ ಹುಡುಗಿಗೆ, ಒಳ್ಳೆಯದು' ಎಂದು ಬೆನ್ನು ತಟ್ಟಿ ಊಟಕ್ಕೆ ನಡೆದರು. ಆ ಬೆನ್ನು ತಟ್ಟಿದ ಕೈಯನ್ನು ಕಿತ್ತೆಸೆಯಬೇಕು ಅನ್ನಿಸಿತು ಭಾಗ್ಯಜ್ಯೋತಿಗೆ. ಕದ್ದವನ ಮೇಲೆ ಬರದಷ್ಟು ಸಿಟ್ಟು, ಕಂಡೂ ಕಾಣದಂತೆ ಹೋದವನ ಮೇಲೆ ಬಂತು.

ಊಟ ಮುಗಿಸಿ, ಕರದಂಟಿನ ಡಬ್ಬಿ ಹಿಡಿದು ಸಾಹೇಬರು ಹೊರಟುಹೋದರು. ಖಾದರಬಾಷಾ ಬೆಡ್‌ಶೀಟು ಹಿಡಿದು ಒಳಗೆ ಬಂದಾಗ ಭಾಗ್ಯಜ್ಯೋತಿ ಅಸ್ಥಿಪಂಜರವನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದಳು.

'ಕೊಡಂಗಿಲ್ರೀ ಕಾಕಾ. ನಾವು ಕಲಿಯೂ ತನಕ ಇದು ಇಲ್ಲಿಂದ ಅಲ್ಲಾಡಂಗಿಲ್ಲ.'

ನರ್ಗೀಸ ಬಂದು ಪಕ್ಕದಲ್ಲಿ ಕೂತಳು. ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ನೋಡನೋಡುತ್ತಲೇ ಅಸ್ಥಿಪಂಜರದ ಸುತ್ತ ಹುಡುಗಿಯರ ಕೋಟೆ ಕಟ್ಟಿತು. ಪಾಂಡಪ್ಪನವರು ಧುಮುಗುಡುತ್ತ ಬಂದರು.

'ಏನ್ ಹಚ್ಚೀರಿ ಇದು? ಏ ಭಾಗ್ಯಜ್ಯೋತಿ, ನಿನ್ನ ಹಾಲ್ ಟಿಕೆಟ್ ನನ್ನ ಕೈಯಾಗ ಐತಿ, ನೆನಪಿರಲಿ!'

'ಇಟ್ಕೋರಿ ಸರ್. ಎಲುಬು ಗೊತ್ತಿಲ್ದ ನರ್ಸ್ ಆಗಿ ಇನ್ನ ಎಷ್ಟ್ ಮಂದಿ ಕಾಲು ಕಳೀಲಿ ನಾ?'

ಬಾಗಿಲ ಬಳಿ ಜಯಶ್ರೀ ಮೇಡಂ ಸೆರಗಿನ ತುದಿ ತಿರುವುತ್ತ ನಿಂತಿದ್ದರು. ಮೇಡಂಗೆ ಪಾಠ ಗೊತ್ತಿಲ್ಲವೆಂದಲ್ಲ. ಕಲಿತದ್ದು ಒಳ್ಳೆಯ ಕಡೆಯೇ. ಇಲ್ಲಿ ಸೇರಿದ ಹೊಸದರಲ್ಲಿ ಮಾದರಿ ಬೇಕೆಂದು ಕೇಳಿ ಕೇಳಿ ಬಾಯಿ ಸೋತು, ಕೊನೆಗೆ ಗೈಡು ಹಿಡಿದವರು ಅವರು. ಹುಡುಗಿಯ ಮಾತು ಅವರಿಗೆ ಎಲ್ಲಿ ನಾಟಿತೋ, ಒಳಗೆ ಬಂದರು.

'ಸರ್, ನನಗ ಸ್ವಲ್ಪ ಹೊತ್ತು ಬಿಡ್ರಿ. ಪಾಠ ಮಾಡ್ತೇನಿ.'

'ಮಾಡ್ರಿ, ಮಾಡ್ರಿ! ನಾಳಿಂದ ಕಾಲೇಜಿಗೆ ಬರಬ್ಯಾಡ್ರಿ ಮತ್ತ.'

'ಆತ್ರೀ. ಇವತ್ತಂತೂ ಇದ್ದೇನಲ್ಲ, ಇವತ್ತ ಕಲಸ್ತೇನಿ.'

ಖಾದರಬಾಷಾ ಇಬ್ಬರ ಮುಖವನ್ನೂ ನೋಡಿದ. ಫೋನು ಕಿವಿಗಿಟ್ಟುಕೊಂಡು, 'ಬದಾಮಿಯವ್ರಾ? ಗಾಡಿ ಅಮೀನಗಡದಾಗ ಕೆಟ್ಟ ನಿಂತೈತ್ರಿ' ಎಂದು ಹೇಳಿ, ಬೀಡಿ ಹುಡುಕುತ್ತ ಹೊರಗೆ ಹೋದ.

ಮೇಡಂ ಭಾಗ್ಯಜ್ಯೋತಿಯ ಬಲಗೈ ಹಿಡಿದು, ಅಂಗೈಯನ್ನು ಅಸ್ಥಿಪಂಜರದ ಎಡತೊಡೆಯ ಎಲುಬಿನ ಮೇಲ್ತುದಿಯ ಉಬ್ಬಿನ ಮೇಲೆ ಇಟ್ಟರು. 'ಇದು ಎಷ್ಟ ದಪ್ಪ ಇದ್ದವ್ರಿಗೂ ಕೈಗೆ ಸಿಗತೈತಿ. ತೋರುಬೆರಳು ಸೊಂಟದ ಮುಂದಿನ ಮೊನಿ ಮ್ಯಾಲಿಡು. ಈಗ ನಡೂವಿನ ಬೆರಳು ಹಿಂದಕ್ಕ ಅಗಲಿಸು, ಸೊಂಟದ ಅಂಚಿನ ಕಡೆ. ಎರಡೂ ಬೆರಳಿನ ನಡೂವ ಸಂದಿ ಐತಿ ನೋಡು, ಅಲ್ಲಿ ಹಾಕಬೇಕು. ಅಲ್ಲಿ ದೊಡ್ಡ ನರಾ ಇಲ್ಲ.' ಆಮೇಲೆ ಅಸ್ಥಿಪಂಜರವನ್ನು ಹಿಂದುಮುಂದಾಗಿ ತಿರುಗಿಸಿ, ಸೊಂಟದ ಎಲುಬಿನ ಹಿಂಬದಿಯ ತಗ್ಗನ್ನು ತೋರಿಸಿದರು. 'ಕಾಲಿನ ನರಾ ಇಲ್ಲಿಂದ ಹೊರಬಿದ್ದು ತೊಡಿಗೆ ಇಳೀತೈತಿ. ನೀ ಹಾಕಿದ್ದು ಇಲ್ಲಿ.'

ಹುಡುಗಿಯರು ಸಮವಸ್ತ್ರದ ಮೇಲಿಂದಲೇ ಒಬ್ಬರ ಸೊಂಟದ ಮೇಲೆ ಒಬ್ಬರು ಬೆರಳಿಟ್ಟು ಹುಡುಕತೊಡಗಿದರು. ಭಾಗ್ಯಜ್ಯೋತಿ ನರ್ಗೀಸಳ ಸೊಂಟಕ್ಕೆ ಅಂಗೈ ಇಟ್ಟಳು. ಉಬ್ಬು ಸಿಕ್ಕಿತು. ಮೊನೆ ಸಿಕ್ಕಿತು. ಬೆರಳು ಅಗಲಿಸಿದಳು. ಜಾಗ ಸಿಕ್ಕಿತು.

'ಮೇಡಂ, ಇಷ್ಟ ಏನ್ರೀ?'

'ಇಷ್ಟ ನೋಡವಾ.'

ಒಂದು ಕಪ್ ಚಹಾ ಕುದಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ. ಕಲಿತೆನೆಂಬ ಖುಷಿಯಾಗಬೇಕಿತ್ತು ಅವಳಿಗೆ. ಆದರೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಎರಡು ವರ್ಷ ಇದೇ ಕೋಣೆಯಲ್ಲಿ ಕೂತಿದ್ದಳು, ಎರಡು ವರ್ಷ! ಅವಳು ಬಾಗಿಲಲ್ಲಿ ನಿಂತಿದ್ದ ಪಾಂಡಪ್ಪನವರ ಕಡೆ ತಿರುಗಿದಳು.

'ಇಷ್ಟ ಇತ್ತಲ್ರೀ ಸರ್! ಇಷ್ಟ ತೋರ್ಸಾಕ ನಿಮಗ ಆಗಲಿಲ್ಲ, ಆಕಿ ಕಾಲ ತಗದ್ರಿ! ನನ್ನ ಕೈಲೆ ತಗಸಿದ್ರಿ!'

ಭಾಗ್ಯಜ್ಯೋತಿ ಕಣ್ಣು ಒರೆಸಿಕೊಂಡಳು, ಅವರಿಗೆ ಬೆನ್ನು ಮಾಡಿದಳು.

'ಮೇಡಂ,' ಎಂದಳು, 'ಮುಂದಿನ ಎಲುಬು ತೋರಸ್ರಿ.'